ಎತ್ತದ ಕೈ

ಕೋಚ್ ಮ್ಯಾನುಯೆಲ್ ಸಿಲ್ವೇರಾ ಮೊದಲ ಸಲ ನನ್ನ ಫಿಸಿಕ್ಸ್ ಲ್ಯಾಬಿಗೆ ಬಂದದ್ದು 1979ರ ಜನವರಿಯಲ್ಲಿ, ಒಬ್ಬ ಹುಡುಗನನ್ನು ಫೇಲು ಮಾಡಿ ಎಂದು ಕೇಳಿಕೊಳ್ಳಲು. ಪಾಸು ಮಾಡಿ ಎಂದು ಬರುವ ಕೋಚುಗಳ ಪರಿಚಯ ನನಗಿತ್ತು. ಇದು ಹೊಸ ಜಾತಿ.

"ಅವನ ಪೇಪರು ನೋಡಿದೆ. ಅದಕ್ಕೆ ಸಿ ಗ್ರೇಡು ಕೊಟ್ಟಿದ್ದೀಯ," ಎಂದರು. "ನೀನು ಇಷ್ಟು ಒಳ್ಳೆಯವನಾದ್ರೆ ನನಗೆ ಕಷ್ಟ. ನಾಳೆ ಅವನು ನನ್ನ ಹತ್ರಾನೂ ಅದನ್ನೇ ಕೇಳ್ತಾನೆ."

ಹೇಳಿದವರು ಹೊರಡಲಿಲ್ಲ. ಮೇಜಿನ ಮೇಲಿದ್ದ ನನ್ನ ಹಾಜರಿ ಪುಸ್ತಕದ ಮೇಲೆ ಬಗ್ಗಿದರು. ಸ್ಕೇಲು ಇಟ್ಟು ಎಳೆದ ಗೆರೆ, ಚೂಪು ಪೆನ್ಸಿಲಿನ ಸಣ್ಣ ಅಕ್ಷರ; ಮೈಸೂರಿನಲ್ಲಿ ಮೇಷ್ಟ್ರುಗಳು ಕಿವಿ ಹಿಂಡಿ ಕಲಿಸಿದ್ದು ಅಮೆರಿಕಕ್ಕೆ ಬಂದು ಎಂಟು ವರ್ಷವಾದರೂ ಬಿಟ್ಟಿರಲಿಲ್ಲ.

"ಸ್ಕೋರು ಬರೆಯೋಕೆ ಬರುತ್ತಾ?"

"ಬರುತ್ತೆ. ಆದರೆ ಬೇರೆ ಆಟದ್ದು."

"ಯಾವ ಆಟವಾದ್ರೇನು? ನಡೆದದ್ದನ್ನ ಬರೆಯೋದು ತಾನೇ."

ಮೈಸೂರಿನ ಕಾಲೇಜು ಕ್ರಿಕೆಟ್ ಟೀಮಿನಲ್ಲಿ ನನಗೆ ಸಿಕ್ಕಿದ್ದ ಸ್ಥಾನವೆಂದರೆ ಮರದ ಕೆಳಗಿನ ಸ್ಕೋರರ್ ಕುರ್ಚಿ. ನಾನು ಬ್ಯಾಟು ಹಿಡಿದರೆ ಟೀಮಿಗೆ ಹಾನಿ, ಪೆನ್ಸಿಲು ಹಿಡಿದರೆ ಕ್ಷೇಮ ಎಂಬುದನ್ನು ನಮ್ಮ ಕ್ಯಾಪ್ಟನ್ ಶಿವರಾಮು ಮೊದಲ ವಾರವೇ ಕಂಡುಕೊಂಡಿದ್ದ. ಆ ಅನುಭವದ ಬಲದ ಮೇಲೆ ನಾನು, ಶೇಷಗಿರಿ, ಸ್ಯಾನ್ ಹೊಸೆಯ ಎರಡು ವರ್ಷದ ಕೋರ್ಸಿನ ಒಂದು ಸಣ್ಣ ಕಾಲೇಜಿನಲ್ಲಿ ಬೇಸ್‌ಬಾಲ್ ಟೀಮಿನ ಸ್ಕೋರರ್ ಆದೆ.

ಮೈದಾನದ ಎಡ ಬೇಲಿಯಾಚೆ ಒಂದು ಕಾಲಕ್ಕೆ ಪ್ರೂನ್ ಹಣ್ಣಿನ ತೋಟವಿತ್ತಂತೆ. ನಾನು ಬರುವ ಹೊತ್ತಿಗೆ ಅದು ಚಿಪ್ ಕಂಪನಿಯೊಂದರ ಪಾರ್ಕಿಂಗ್ ಲಾಟ್ ಆಗಿತ್ತು. ಹಿಂದೆ ಬೇಲಿ ದಾಟಿದ ಚೆಂಡಿಗೆ ಹಣ್ಣು ಉದುರುತ್ತಿದ್ದವು, ಈಗ ಕಾರಿನ ಗಾಜು. ಕೋಚ್ ಚಿಕ್ಕವರಿದ್ದಾಗ ಅಜೋರ್ಸ್ ದ್ವೀಪದಿಂದ ಬಂದ ತಮ್ಮ ಅಪ್ಪನ ಜೊತೆ ಅದೇ ತೋಟದಲ್ಲಿ ಮಂಡಿಯೂರಿ ಹಣ್ಣು ಆಯ್ದವರು. 1955ರಲ್ಲಿ ಬೇಲಿಯ ಈಚೆಗೆ ಕೋಚ್ ಆಗಿ ಬಂದರು. ಅಲ್ಲಿಂದ ಮುಂದೆ ಎಲ್ಲಿಗೂ ಹೋಗಲಿಲ್ಲ. ಮೂವತ್ತೊಂದು ವರ್ಷದಲ್ಲಿ ಅವರು ಮಾಡಿದ ಪ್ರಯಾಣ ಅಷ್ಟೇ, ಬೇಲಿಯ ಆ ಕಡೆಯಿಂದ ಈ ಕಡೆಗೆ.

ಕ್ರಿಕೆಟ್ಟಿನಲ್ಲಿ ಅಂಪೈರ್ ಸನ್ನೆ ಮಾಡಿದರೆ ಸ್ಕೋರರ್ ಕೈ ಎತ್ತಬೇಕು. ನೋಡಿದೆ, ಬರೆದುಕೊಂಡೆ ಎಂದು ಅರ್ಥ. ಆ ಕೈ ಮೇಲೇಳುವವರೆಗೆ ಅಂಪೈರ್ ಆಟ ಮುಂದುವರಿಸುವುದಿಲ್ಲ. ಬೇಸ್‌ಬಾಲಿನ ಅಂಪೈರಿಗೆ ಸ್ಕೋರರ್ ಎಂಬವನೊಬ್ಬ ಇದ್ದಾನೆಂಬುದೇ ನೆನಪಿರುವುದಿಲ್ಲ. ಇದು ತಿಳಿಯದೆ ನಾನು ಮೊದಲ ದಿನ, ಮೊದಲ ಔಟಿಗೆ, ಗಂಭೀರವಾಗಿ ಬಲಗೈ ಎತ್ತಿದೆ. ಅಂಪೈರ್ ಆಟ ನಿಲ್ಲಿಸಿ, ಮುಖಕ್ಕೆ ಹಾಕಿದ್ದ ಕಂಬಿಯ ಮಾಸ್ಕು ತೆಗೆದು, ನನ್ನ ಮೇಜಿನವರೆಗೂ ನಡೆದು ಬಂದ.

"ಏನು ತೊಂದರೆ?"

"ಏನೂ ಇಲ್ಲ."

ಮುಂದಿನ ಔಟಿಗೆ ಕೈ ಮತ್ತೆ ಎದ್ದಿತು. ಅಂಪೈರ್ ಮತ್ತೆ ಬಂದ. ಮೂರನೆಯ ಸಲ ಕೋಚ್ ಅಡ್ಡ ಬಂದು ಅವನಿಗೆ ಹೇಳಿದರು: "ನೋಡಿದೆ ಅಂತ ಹೇಳ್ತಿದ್ದಾನೆ, ಅಷ್ಟೇ. ಈ ಮೈದಾನದಲ್ಲಿ ಒಬ್ಬನಾದ್ರೂ ನಿನ್ನ ನೋಡ್ತಿದ್ದಾನಲ್ಲ, ಖುಷಿಪಡು."

ನಾನು ಚಟ ಬಿಡಲು ಪ್ರಯತ್ನಿಸಿದೆ. ಕೈ ಕೇಳಲಿಲ್ಲ. ಕೊನೆಗೆ ಅದು ಟೀಮಿನ ಪದ್ಧತಿಯೇ ಆಗಿಹೋಯಿತು. ಚೆಂಡು ಹೊಡೆದು ಬೇಸಿಗೆ ಓಡಿ ನಿಂತ ಹುಡುಗರು ನನ್ನ ಮೇಜಿನ ಕಡೆ ನೋಡುವರು. ನಾನು ಕೈ ಎತ್ತಿದ ಮೇಲೆಯೇ ಅವರಿಗೆ ತಾವು ಹೊಡೆದದ್ದು ಖಾತ್ರಿಯಾಗುವುದು. ಕೋಚಿಗೆ ಆಗ ಸಹಾಯಕನಾಗಿದ್ದ ಡೆನ್ನಿ ಒಕಾಮೊಟೊ ಎಲ್ಲರಿಗಿಂತ ಹೆಚ್ಚು ನೋಡುತ್ತಿದ್ದ. ಅರವತ್ತೆಂಟರಲ್ಲಿ ಕೋಚಿನ ಕೈಕೆಳಗೆ ಆಡಿದವನು, ಸ್ಯಾನ್ ಹೊಸೆಯ ಜಪಾನ್‌ಟೌನಿನವನು. "ಶೇಷ್ ಕೈ ಎತ್ತಿದ್ರೆ ನಡೀತು ಅಂತ. ಎತ್ತದಿದ್ರೆ ನಡೆದೇ ಇಲ್ಲ," ಎಂದು ಹೊಸ ಹುಡುಗರಿಗೆ ಹೇಳುತ್ತಿದ್ದ. ಆಮೇಲೆ ನಮ್ಮ ಸಾಂಟಾ ಕ್ಲಾರಾ ಕಣಿವೆಯ ಆಚೆ ತುದಿಯ ಕಾಲೇಜೊಂದಕ್ಕೆ ತಾನೇ ಕೋಚ್ ಆಗಿ ಹೋದ.

ಆಟದ ನಿಯಮಗಳನ್ನು ಕೋಚ್ ನನಗೆ ಆಟಗಾರರು ಕೂರುವ ಡಗೌಟಿನ ಬೆಂಚಿನ ಮೇಲೆ ಕೂತು ಹೇಳಿಕೊಟ್ಟರು, ಡೆನ್ನಿ ಪಕ್ಕದಲ್ಲಿ ಕಿತ್ತಳೆ ಸುಲಿಯುತ್ತಿದ್ದ. ಕ್ರಿಕೆಟ್ಟಿನಲ್ಲಿ ಕ್ಯಾಪ್ಟನ್ ಯಾರನ್ನು ಬೇಕಾದರೂ ಯಾವಾಗ ಬೇಕಾದರೂ ಬ್ಯಾಟಿಗೆ ಕಳಿಸಬಹುದು. ಇಲ್ಲಿ ಒಂಬತ್ತು ಜನರ ಸರದಿಯನ್ನು ಮೊದಲೇ ಚೀಟಿಯಲ್ಲಿ ಬರೆದು ಅಂಪೈರಿಗೆ ಕೊಡಬೇಕು. ಯಾರನ್ನಾದರೂ ಬದಲಾಯಿಸಿದರೆ ಹೊಸಬ ಯಾರ ಸರದಿಯಲ್ಲಿ ಆಡುತ್ತಾನೆ ಎಂದು ಹೇಳಬೇಕು. ಸರದಿ ತಪ್ಪಿ ಯಾರಾದರೂ ಬ್ಯಾಟಿಗೆ ಬಂದರೆ ಎದುರು ಟೀಮು ಅದನ್ನು ಮುಂದಿನ ಎಸೆತದ ಮೊದಲು, ಆಟ ಮುಗಿದಿದ್ದರೆ ತಾನು ಮೈದಾನ ಬಿಡುವ ಮೊದಲು, ಹಿಡಿದು ಹೇಳಬೇಕು. ಹೇಳಿದರೆ ಅವನು ಹೊಡೆದದ್ದು ರದ್ದು, ಬರಬೇಕಾಗಿದ್ದವನು ಔಟು. ಹೇಳದಿದ್ದರೆ ಹೊಡೆದದ್ದು ಹೊಡೆದದ್ದೇ.

"ಅಂಪೈರ್ ಕಂಡ್ರೂ ಬಾಯಿ ಬಿಡೋ ಹಾಗಿಲ್ಲ. ಸ್ಕೋರರ್ ಕೂಡ," ಎಂದರು ಕೋಚ್.

"ಕಂಡೂ ಸುಮ್ಮನಿರಬೇಕಾ?"

"ಸುಮ್ಮನಿರೋದೇ ನಿನ್ನ ಕೆಲಸ."

ನಮ್ಮ ಕಡೆ ಇದಕ್ಕೆ ಸರ್ಕಾರಿ ನೌಕರಿ ಎನ್ನುತ್ತಾರೆ ಎಂದುಕೊಂಡೆ.

ಸಾಂಟಾ ಕ್ಲಾರಾದಲ್ಲಿ ನಾವು ಕನ್ನಡದವರು ಯುಗಾದಿಗೆ ಸೇರಿದಾಗ ಉಡುಪಿಯ ವ್ಯಾಸರಾಜ ಪಂಕ್ತಿಯ ಮಧ್ಯದಲ್ಲೇ ವಿಚಾರಿಸಿದರು: "ಎಂತ ಮಾರಾಯ್ರೆ, ಗಿಲ್ಲಿದಾಂಡಿನ ಸ್ಕೋರು ಬರೀತೀರಂತೆ? ಎಂತ ಕೊಡ್ತಾರೆ ಅದಕ್ಕೆ?"

"ಒಂದು ಟೋಪಿ."

"ಹಾಗಾದ್ರೆ ಸರಿಯಾಗಿಯೇ ಹಾಕಿದ್ದಾರೆ."

ಇವೆಲ್ಲ ಹೀಗೇ ಏಳು ವರ್ಷ ನಡೆಯಿತು. 1986ರ ವಸಂತದಲ್ಲಿ ಕಾಲೇಜಿನ ಅಧ್ಯಕ್ಷರು ಕೋಚಿಗೆ ಅರವತ್ತಾರು ತುಂಬಿದ್ದನ್ನು ಗಮನಿಸಿದರು. ಸೀಸನ್ನಿನ ಕೊನೆಗೆ ನಿವೃತ್ತಿ ಎಂದು ತೀರ್ಮಾನವಾಯಿತು. ಆಗ ಯಾರೋ ಹಳೆಯ ಪುಸ್ತಕಗಳನ್ನು ಕೂಡಿ ನೋಡಿದಾಗ ಅವರ ಗೆಲುವು ನಾನೂರ ಎಂಬತ್ತರ ಮೇಲಿರುವುದು ಗೊತ್ತಾಗಿ ಇಡೀ ಕಾಲೇಜಿಗೆ ಐನೂರರ ಹುಚ್ಚು ಹತ್ತಿತು. ಅಲ್ಲಿಯವರೆಗೆ ಮೈದಾನ ಯಾವ ದಿಕ್ಕಿಗಿದೆ ಎಂದು ತಿಳಿಯದವರೂ ನನ್ನನ್ನು ಕಾರಿಡಾರಿನಲ್ಲಿ ನಿಲ್ಲಿಸಿ "ಇನ್ನೆಷ್ಟು?" ಎನ್ನತೊಡಗಿದರು.

ನನಗೆ ಮಾತ್ರ ಇನ್ನೊಂದು ವಿಷಯ ಗೊತ್ತಿತ್ತು. ಕೋಚ್ ಹುಡುಗರನ್ನು ಹಳೆಯ ಹುಡುಗರ ಹೆಸರಿನಿಂದ ಕರೆಯುತ್ತಿದ್ದರು. ರೂಬೆನ್ ಎಂಬ ಸಣಕಲನಿಗೆ ಯಾವಾಗಲೂ ಡೆನ್ನಿ. ಹುಡುಗರು ತಮಾಷೆ ಎಂದುಕೊಂಡಿದ್ದರು. ಎಷ್ಟು ಔಟಾಯಿತು, ಮುಂದೆ ಯಾರು ಎಂಬುದೂ ಕೆಲವು ಸಲ ಜಾರುತ್ತಿತ್ತು. ಎರಡು ಇನ್ನಿಂಗ್ಸುಗಳ ನಡುವೆ ಕೋಚ್ ನನ್ನ ಅಕ್ಷರ ಮೆಚ್ಚಲು ಬಂದವರ ಹಾಗೆ ಮೇಜಿನ ಬಳಿ ಬರುವರು. ನಾನು ಪುಸ್ತಕವನ್ನು ಅವರ ಕಡೆ ತಿರುಗಿಸುವೆ. ಅವರು "ಹ್ಞೂಂ" ಎಂದು ಹೋಗುವರು. ಇದು ತಪ್ಪೋ ಎಂದು ನಿಯಮದ ಪುಸ್ತಕವನ್ನು ಎರಡು ಸಲ ನೋಡಿದೆ. ಸ್ಕೋರು ಪುಸ್ತಕವನ್ನು ಯಾರೂ ನೋಡಬಾರದೆಂದು ಎಲ್ಲೂ ಇರಲಿಲ್ಲ.

ಒಮ್ಮೆ ಮಾತ್ರ ಅವರಾಗಿಯೇ ಬಾಯಿಬಿಟ್ಟರು. "ಐನೂರಾದ್ರೆ ಜನ ಐನೂರು ಅಂತಾರೆ ಶೇಷ್, ಅಲ್ಲಿಗೆ ಮುಗೀತು. ನಾನೂರ ತೊಂಬತ್ತೊಂಬತ್ತಾದ್ರೆ ಯಾಕೆ ಅಂತ ಕೇಳ್ತಾರೆ. ಕಾರಣ ಹುಡುಕ್ತಾರೆ." ತಲೆಯ ಮೇಲಿನ ಟೋಪಿಯನ್ನು ಸ್ವಲ್ಪ ಕೆಳಗೆ ಎಳೆದುಕೊಂಡರು. "ಕಾರಣ ಅವರಿಗೆ ಸಿಗಬಾರದು."

ಮೇ ತಿಂಗಳ ಮೊದಲ ಶನಿವಾರ ಕೊನೆಯ ಆಟ. ಅಂದಿಗೆ ಗೆಲುವು ನಾನೂರ ತೊಂಬತ್ತೊಂಬತ್ತು. ಎದುರಾಳಿ ಡೆನ್ನಿ ಒಕಾಮೊಟೊನ ಟೀಮು. ನನ್ನ ಹೆಂಡತಿ ನಿರುಪಮಾ ಏಳು ವರ್ಷದಲ್ಲಿ ಮೊದಲ ಬಾರಿ ಆಟಕ್ಕೆ ಬಂದಳು. ಚಿಪ್ ಕಂಪನಿಯಲ್ಲಿ ದಿನವಿಡೀ ಮೈಕ್ರೋಸ್ಕೋಪಿನ ಕೆಳಗೆ ಗೆರೆ ಪರೀಕ್ಷಿಸುವವಳು. ಅವಳ ಕಣ್ಣಿಗೆ ತಪ್ಪಿಸಿ ಏನೂ ಇಡಲಾಗದು. ಡಬ್ಬಿಯಲ್ಲಿ ಪುಳಿಯೋಗರೆ, ಥರ್ಮಾಸಿನಲ್ಲಿ ಕಾಫಿ ಇಟ್ಟುಕೊಂಡು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು.

"ಎಷ್ಟು ಹೊತ್ತಿನ ಆಟ?"

"ಮೂರು ಗಂಟೆ ಆಗಬಹುದು."

"ಇಷ್ಟೊತ್ತಲ್ಲಿ ಅವರು ಮಾಡಿದ್ದು ಉಗಿಯೋದೊಂದೇ."

ಎಂಟನೆಯ ಇನ್ನಿಂಗ್ಸಿನಲ್ಲಿ ನಾವು ಒಂದು ರನ್ ಹಿಂದಿದ್ದೆವು, ಮೂರಕ್ಕೆ ನಾಲ್ಕು. ಕೋಚ್ ಇಬ್ಬರನ್ನು ಬದಲಾಯಿಸಿದರು. ಅಂಪೈರ್ ನನಗೆ ಬಂದು ಹೇಳಿದ: "ಟಾಡ್ ನಾಲ್ಕನೇ ಸರದಿಗೆ. ರೂಬೆನ್ ಒಂಬತ್ತನೇದಕ್ಕೆ." ಬರೆದುಕೊಂಡೆ. ಕೈ ಎತ್ತಿದೆ.

ಆ ಇನ್ನಿಂಗ್ಸ್ ಮುಗಿದಾಗ ಕೋಚ್ ಎಂದಿನಂತೆ ನನ್ನ ಕಡೆ ಹೊರಟರು. ಅರ್ಧ ದಾರಿಯಲ್ಲಿ ಅಧ್ಯಕ್ಷರು ಅಡ್ಡ ಸಿಕ್ಕರು. ಜೊತೆಯಲ್ಲಿ ಫೋಟೊಗ್ರಾಫರ್. ಐನೂರಾದ ಮೇಲೆ ಯಾರು ಎಲ್ಲಿ ನಿಲ್ಲಬೇಕು, ಬೆಳಕು ಯಾವ ಕಡೆಯಿಂದ ಬರುತ್ತದೆ ಎಂಬುದನ್ನು ಅಧ್ಯಕ್ಷರು ಕೋಚಿನ ಭುಜ ಹಿಡಿದು ತಿರುಗಿಸಿ ತಿರುಗಿಸಿ ತೋರಿಸಿದರು. ಕೋಚ್ ಅವರ ಹೆಗಲಿನ ಮೇಲಿಂದ ನನ್ನ ಕಡೆ ನೋಡಿದರು. ಅಷ್ಟರಲ್ಲಿ ಅಂಪೈರ್ ಆಟಕ್ಕೆ ಕರೆದ.

ಒಂಬತ್ತನೆಯ ಇನ್ನಿಂಗ್ಸಿನಲ್ಲಿ ನಮ್ಮ ಕೊನೆಯ ಅವಕಾಶ. ಎರಡು ಔಟಾಗಿತ್ತು, ಮೂರನೆಯದಾದರೆ ಮುಗಿಯಿತು. ಎರಡನೆಯ ಮತ್ತು ಮೂರನೆಯ ಬೇಸಿನಲ್ಲಿ ನಮ್ಮ ಹುಡುಗರು. ಒಂದು ಒಳ್ಳೆಯ ಹೊಡೆತ ಬಿದ್ದರೆ ಇಬ್ಬರೂ ಬಂದು ಗೆಲುವು. ಈಗ ನಾಲ್ಕನೆಯ ಸರದಿ. ಟಾಡ್ ಬರಬೇಕು.

ಡಗೌಟಿನಿಂದ ಬಂದವನು ರೂಬೆನ್. ಕೋಚ್ ಅವನ ಬೆನ್ನು ತಟ್ಟಿ "ಹೋಗು ಡೆನ್ನಿ" ಎಂದದ್ದು ನನಗೆ ಕೇಳಿಸಿತು. ಹುಡುಗರಿಗೇನು, ಕೋಚ್ ಹೋಗು ಎಂದರೆ ಹೋಗುವುದು.

ಕೋಚ್ ನನ್ನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿದ್ದರು. ಆ ಹುಡುಗನ ಬ್ಯಾಟಿಂಗ್ ಮುಗಿಯುವ ಮೊದಲು ಅವನನ್ನು ವಾಪಸು ಕರೆದು ಟಾಡನನ್ನು ಕಳಿಸಿದರೆ ಏನೂ ಬಾಧಕವಿಲ್ಲ. ನಿಯಮ ಅದಕ್ಕೆ ಅವಕಾಶ ಕೊಡುತ್ತದೆ. ಒಂದು ಕೆಮ್ಮು ಸಾಕಿತ್ತು. ಪುಸ್ತಕವನ್ನು ಸುಮ್ಮನೆ ಆ ಕಡೆ ತಿರುಗಿಸಿದ್ದರೂ ಸಾಕಿತ್ತೇನೋ. ಎರಡು ಇನ್ನಿಂಗ್ಸುಗಳ ನಡುವೆ ಅದನ್ನು ಎಷ್ಟು ಸಲ ತಿರುಗಿಸಿದ್ದೆನೋ. ಆದರೆ ಆಗೆಲ್ಲ ತಪ್ಪು ಇನ್ನೂ ನಡೆದಿರಲಿಲ್ಲ. ಈಗ ಅದು ಬ್ಯಾಟು ಹಿಡಿದು ನಿಂತಿತ್ತು.

"ಯಾಕ್ರೀ ಬೆವರ್ತಿದ್ದೀರಾ?" ಎಂದಳು ನಿರುಪಮಾ.

"ಬಿಸಿಲು."

"ನೆರಳಲ್ಲಿ ಕೂತಿದ್ದೀವಿ."

ನಾನು ಪುಸ್ತಕವನ್ನು ನನ್ನ ಕಡೆಗೇ ಎಳೆದುಕೊಂಡೆ. ಐದನೆಯ ಎಸೆತಕ್ಕೆ ರೂಬೆನ್ ಬೀಸಿದ. ಚೆಂಡು ಇಬ್ಬರು ಫೀಲ್ಡರುಗಳ ನಡುವೆ ನೆಲ ಕಚ್ಚಿಕೊಂಡು ಓಡಿತು. ಒಬ್ಬ ಬಂದ, ಇನ್ನೊಬ್ಬ ಬಂದ, ಐದಕ್ಕೆ ನಾಲ್ಕು. ನಮ್ಮ ಹುಡುಗರು ಮೈದಾನಕ್ಕೆ ನುಗ್ಗಿದರು. ಅಧ್ಯಕ್ಷರು ಟೈ ಸರಿಮಾಡಿಕೊಂಡರು. ಪೆನ್ಸಿಲು ತನ್ನ ಪಾಡಿಗೆ ತಾನು ಬರೆಯಿತು.

ಕೈ ಮಾತ್ರ ಏಳಲಿಲ್ಲ. ಎತ್ತಬಾರದೆಂದು ನಾನು ತೀರ್ಮಾನಿಸಿರಲಿಲ್ಲ. ನೋಡಿದೆ ಎಂದು ಹೇಳಲು ಕಲಿತಿದ್ದ ಕೈ. ನೋಡಿಯೂ ನೋಡದವನಂತೆ ಇರಬೇಕಾಗಿ ಬಂದಾಗ ಅದಕ್ಕೆ ದಿಕ್ಕು ತೋಚಲಿಲ್ಲ. ಪುಸ್ತಕದ ಮೇಲೆ ಬಿದ್ದುಕೊಂಡಿತ್ತು.

ರೂಬೆನ್ ಬೇಸಿನ ಮೇಲೆ ನಿಂತು ನನ್ನ ಕಡೆ ನೋಡಿದ, ಕೈ ಎದ್ದಿತೇ ಎಂದು. ಆಮೇಲೆ ಗೆಳೆಯರು ಅವನನ್ನು ಮುಚ್ಚಿಕೊಂಡರು. ಎದುರಿನ ಡಗೌಟಿನಲ್ಲಿ ಸೋತ ಮುಖ ಹೊತ್ತು, ಟೋಪಿ ತೆಗೆದು, ಕೈಕುಲುಕಲು ಹೊರಟಿದ್ದ ಡೆನ್ನಿ ಒಕಾಮೊಟೊ ಕೂಡ ಹಳೆಯ ಅಭ್ಯಾಸದಿಂದ ನನ್ನ ಮೇಜಿನ ಕಡೆ ನೋಡಿದ. ನಿಂತ. ಇನ್ನೊಮ್ಮೆ ನೋಡಿದ. ಹಿಂದಿನ ಜೇಬಿನಿಂದ ನಮ್ಮ ಸರದಿಯ ಚೀಟಿ ತೆಗೆದು ಬೆರಳಿಟ್ಟು ಓದಿದ. ತನ್ನ ಹುಡುಗರಿಗೆ "ಯಾರೂ ಮೈದಾನ ಬಿಡಬೇಡಿ" ಎಂದು ಕೂಗಿ ಅಂಪೈರಿನ ಬಳಿಗೆ ನಡೆದ.

ಅಂಪೈರ್ ಮಾಸ್ಕು ತೆಗೆದು ನನ್ನ ಹತ್ತಿರ ಬಂದ, ಏಳು ವರ್ಷದ ಹಿಂದಿನ ಅಂಪೈರ್ ಬಂದಿದ್ದ ಹಾಗೆಯೇ.

"ನಾಲ್ಕನೇ ಸರದಿ ಯಾರದು?"

"ಟಾಡ್."

"ಹೊಡೆದವನು?"

"ರೂಬೆನ್."

ಅಷ್ಟೇ. ಟಾಡ್ ಔಟು, ಎರಡು ರನ್ ರದ್ದು, ಆಟ ಮುಗಿಯಿತು.

"ಈಗೇನಾಯ್ತು?" ನಿರುಪಮಾ ಕೇಳಿದಳು.

"ಸೋತ್ವಿ."

"ಈಗ ತಾನೇ ಗೆದ್ರಲ್ಲ?"

"ಹೌದು."

ಕೋಚ್ ಟೋಪಿಯನ್ನು ನೆಲಕ್ಕೆ ಎಸೆದರು. ಡೆನ್ನಿ ಚಾಚಿದ ಕೈಯನ್ನು ಹಿಡಿಯಲಿಲ್ಲ. "ನಿನಗೆ ಈ ನಿಯಮ ಹೇಳಿಕೊಟ್ಟವನ ಬಾಯಿಗೆ ಮಣ್ಣು ಬೀಳ," ಎಂದರು.

"ನೀವೇ ಕೋಚ್, ಹೇಳಿಕೊಟ್ಟದ್ದು."

"ಅದಕ್ಕೇ ಅಂದೆ."

ನನ್ನ ಮೇಜಿನ ಮುಂದೆ ಹಾದು ಹೋಗುವಾಗ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿರುತ್ತಿತ್ತು.

ಸೋಮವಾರ ಕ್ರೀಡಾ ವಿಭಾಗದ ಮುಖ್ಯಸ್ಥರು ನನ್ನನ್ನು ಕರೆದು ಬಾಗಿಲು ಹಾಕಿಕೊಂಡರು. "ನಿನ್ನ ಹಿಂದಿನ ಸ್ಕೋರರುಗಳು ನಿನ್ನಷ್ಟು ಕ್ರಮದವರಲ್ಲ. ಮೂವತ್ತೊಂದು ವರ್ಷದಲ್ಲಿ ಎಲ್ಲೋ ಒಂದು ಗೆಲುವು ಬರೆಯೋದು ಬಿಟ್ಟುಹೋಗಿರಬಹುದು. ಶುಕ್ರವಾರ ಸನ್ಮಾನದ ಊಟ. ಅಷ್ಟರೊಳಗೆ ಸಿಕ್ಕರೆ ಒಳ್ಳೇದು." ಬಾಗಿಲು ತೆರೆಯುತ್ತ ಸೇರಿಸಿದರು: "ಕೇಕಿಗೂ ಹೇಳಿ ಆಗಿದೆ."

ಮೂವತ್ತೊಂದು ಪುಸ್ತಕ ಮನೆಗೆ ತಂದು ಅಡುಗೆಮನೆಯ ಮೇಜಿನ ಮೇಲೆ ಹರಡಿದೆ. ನಿರುಪಮಾ ಹುರುಳಿಕಾಯಿ ಬಿಡಿಸಲು ಜಾಗ ಹುಡುಕುತ್ತ ಒಂದು ದಿನ, ಎರಡು ದಿನ ನೋಡಿದಳು.

"ನೀವು ಹುಡುಕ್ತಿರೋದು ಗೆಲುವಲ್ಲ," ಎಂದಳು ಮೂರನೆಯ ದಿನ. "ಅವರ ಕ್ಷಮೆ. ಅದು ಪುಸ್ತಕದಲ್ಲಿ ಇರಲ್ಲ."

ನಾಲ್ಕನೆಯ ದಿನ ಸಿಕ್ಕಿದ್ದು ಎರಡೂ ಅಲ್ಲ. 1963ರ ಏಪ್ರಿಲ್ 19. ನಮ್ಮವರು ಆರಕ್ಕೆ ಎರಡು ಮುಂದಿದ್ದಾರೆ. ಪುಟದ ಕೆಳಗೆ 'ಮಳೆ. ಗೆಲುವು' ಎಂದಿದೆ. ಮಳೆಗೆ ಆಟ ನಿಂತರೆ ಐದನೆಯ ಇನ್ನಿಂಗ್ಸಿನಲ್ಲಿ ಎದುರಾಳಿಯ ಮೂರೂ ಔಟು ಆಗಿರಬೇಕು, ಇಲ್ಲದಿದ್ದರೆ ಆಟವೇ ಲೆಕ್ಕಕ್ಕಿಲ್ಲ. ಪುಟದಲ್ಲಿ ಎರಡು ಔಟು ಇದ್ದವು. ಮೂರನೆಯದು ಇರಲಿಲ್ಲ. ಹಿಂದೆ ಮುಂದೆ ತಿರುವಿದೆ, ಬೆಳಕಿಗೆ ಹಿಡಿದು ನೋಡಿದೆ. ಇರಲಿಲ್ಲ.

ಒಂದು ಗೆಲುವು ಹುಡುಕಲು ಹೋಗಿ ಒಂದನ್ನು ಕಳೆದಿದ್ದೆ.

ಶುಕ್ರವಾರ ಮಧ್ಯಾಹ್ನ ಪುಸ್ತಕ ಹಿಡಿದು ಕೋಚಿನ ಕೋಣೆಗೆ ಹೋದೆ. ಅವರು ರಟ್ಟಿನ ಡಬ್ಬಿಗೆ ಹಳೆಯ ಗ್ಲೌಸುಗಳನ್ನು ತುಂಬುತ್ತಿದ್ದರು. ನಾನು ಪುಟ ತೆರೆಯುವ ಮೊದಲೇ ಬೈಂಡಿನ ಬಣ್ಣ ನೋಡಿ ನಿಲ್ಲಿಸಿದರು.

"ಅರವತ್ತಮೂರು," ಎಂದರು. "ಏಪ್ರಿಲ್. ಬೆಳಿಗ್ಗೆಯಿಂದ ಮೋಡ. ಎರಡು ಔಟು, ಎಡಗೈ ಬ್ಯಾಟಿನವನೊಬ್ಬ ಇದ್ದ, ಕೆಂಪು ಕೂದಲು. ಅವನಿಗೆ ಎರಡು ಚೆಂಡು ಹಾಕಿದ್ರು, ಮಳೆ ಬಂತು. ಸ್ಕೋರು ಬರೀತಿದ್ದವನು ನನ್ನ ಹೆಂಡತಿ ತಮ್ಮ. ಊಟಕ್ಕೆ ಹೊತ್ತಾಯ್ತು ಅಂತ ಗೆಲುವು ಬರೆದು ಎದ್ದುಬಿಟ್ಟ. ಸೋಮವಾರ ತಿದ್ದಿಸೋಣ ಅಂದ್ಕೊಂಡೆ."

"ಇಪ್ಪತ್ಮೂರು ವರ್ಷ ಆಯ್ತು."

"ಸೋಮವಾರಗಳು ಹಾಗೇ."

ಕುರ್ಚಿಯಲ್ಲಿ ಕೂತರು. "ಡೆನ್ನಿ ಬಾಯಿ ಮುಚ್ಚಿಕೊಂಡಿದ್ದಿದ್ರೆ ಇವತ್ತು ಐನೂರರ ಕೇಕಿನ ಹಿಂದೆ ನಿಂತು ಹಲ್ಲು ಕಿರೀಬೇಕಿತ್ತು. ಒಂದು ಕಮ್ಮಿ ಅಂತ ಗೊತ್ತಿದ್ದೂ." ಸ್ವಲ್ಪ ಹೊತ್ತು ಗ್ಲೌಸಿನ ದಾರ ಬಿಗಿಮಾಡಿದರು. "ಶನಿವಾರ ನಾನು ಕಳಿಸಿದ್ದು ಯಾರನ್ನ?"

"ರೂಬೆನ್."

"ಏನಂತ ಕರೆದೆ?"

"ಡೆನ್ನಿ ಅಂತ."

"ಯಾರಿಗಾದ್ರೂ ಕೇಳಿಸ್ತಾ?"

"ನನಗೊಬ್ಬನಿಗೆ."

ಇಪ್ಪತ್ತಮೂರು ವರ್ಷದ ಹಿಂದಿನ ಕೆಂಪು ಕೂದಲು ಕಂಡ ಕಣ್ಣುಗಳು ಕಿಟಕಿಯಾಚೆ ಪಾರ್ಕಿಂಗ್ ಲಾಟನ್ನು ನೋಡಿದವು. "ಅವನು ಬ್ಯಾಟಿಗೆ ಹೋದಾಗ ನೀನು ನೋಡಿದೆ."

"ನೋಡಿದೆ. ಸುಮ್ಮನಿರೋದೇ ಕೆಲಸ ಅಂತ ನೀವೇ..."

"ಗೊತ್ತು. ಹೇಳಿಕೊಟ್ಟದ್ದೆಲ್ಲ ವಾಪಸು ಬರ್ತಿದೆ ಈ ವಾರ." ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. "ತಿದ್ದು."

'ಗೆಲುವು' ಎಂಬುದರ ಮೇಲೆ ಸ್ಕೇಲಿಟ್ಟು ಒಂದು ಗೆರೆ ಎಳೆದೆ.

ಸಂಜೆ ಐದೂವರೆಗೆ ಕ್ಯಾಫೆಟೇರಿಯಾದಲ್ಲಿ ಊಟ. ಕೇಕಿನ ಮೇಲೆ ಕ್ರೀಮಿನಲ್ಲಿ ಬರೆದಿದ್ದ ಅಂಕಿಯನ್ನು ಯಾರೋ ಚಾಕುವಿನಿಂದ ಕೆರೆದು ಸ್ಟ್ರಾಬೆರಿ ಮುಚ್ಚಿದ್ದರು. ಐದರ ಬಾಲ ಮಾತ್ರ ಹೊರಗೆ ಉಳಿದಿತ್ತು. ಡೆನ್ನಿ ಒಕಾಮೊಟೊ ಹಿಂದಿನ ಸಾಲಿನಲ್ಲಿ, ಬಾಗಿಲಿಗೆ ಹತ್ತಿರವಾಗಿ ಕೂತಿದ್ದ. ಅಧ್ಯಕ್ಷರು ಭಾಷಣ ಮಾಡಿದರು. ಮೂವತ್ತೊಂದು ವರ್ಷ, ನಿಷ್ಠೆ, ಕಣಿವೆಯ ಮಣ್ಣು. ಕೊನೆಗೆ ಸ್ವರ ತಗ್ಗಿಸಿ, "ಶನಿವಾರ ಸ್ಕೋರರ್ ಮೇಜಿನ ಬಳಿ ಸ್ವಲ್ಪ ಗೊಂದಲವಾಗದಿದ್ದರೆ..." ಎಂದು ವಾಕ್ಯವನ್ನು ಉದಾರವಾಗಿ ಅಲ್ಲೇ ಬಿಟ್ಟರು. ಹಲವರು ನನ್ನ ಕಡೆ ತಿರುಗಿದರು. ಕಾರಣ ಹುಡುಕುತ್ತಿದ್ದವರಿಗೆ ಒಂದು ಕಾರಣ ಸಿಕ್ಕಿತ್ತು, ಅದೂ ಹೊರದೇಶದ್ದು.

"ರೀ, ಏನ್ ಹೇಳ್ತಿದ್ದಾರೆ ಇವರು?" ನಿರುಪಮಾ ಪಿಸುಗುಟ್ಟಿದಳು. "ಎದ್ದು ಹೇಳಿ."

"ಸುಮ್ನಿರು."

ಸುಮ್ಮನಿದ್ದರೆ ಸಾಕು, ಕೋಚಿಗೆ ಬೇಕಾಗಿದ್ದದ್ದು ಸಿಕ್ಕಿಬಿಡುತ್ತಿತ್ತು. ಅದನ್ನು ಅವರೂ ಕಂಡರು. ಮೇಜಿನ ಮೇಲೆ ಎರಡೂ ಕೈ ಊರಿ ಎದ್ದರು.

"ಮೇಜಿನ ಹತ್ರ ಗೊಂದಲ ಆಗಿಲ್ಲ," ಎಂದರು. "ಯಾರನ್ನ ಕಳಿಸಬೇಕು ಅನ್ನೋದು ನನಗೆ ಮರೆತುಹೋಯ್ತು. ಆ ಹುಡುಗನ ಹೆಸರೂ ಮರೆತಿತ್ತು. ಈ ವರ್ಷ ಹೀಗಾಗ್ತಿದೆ. ಆಮೇಲೆ ಇನ್ನೊಂದು. ನನ್ನ ಗೆಲುವು ನಾನೂರ ತೊಂಬತ್ತೊಂಬತ್ತಲ್ಲ, ತೊಂಬತ್ತೆಂಟು."

ತಿನ್ನುತ್ತಿದ್ದವರು ಚಮಚ ಕೆಳಗಿಟ್ಟರು. ಆಮೇಲೆ ಯಾರೋ ನಕ್ಕರು, ಪ್ರೀತಿಯಿಂದಲೇ. ಅಧ್ಯಕ್ಷರು ಎದ್ದು ಚಪ್ಪಾಳೆ ತಟ್ಟಿದರು. ಸಹೋದ್ಯೋಗಿಯ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುವ ದೊಡ್ಡ ಮನಸ್ಸು ಎಂದು ಪಕ್ಕದ ಮೇಜಿನ ಹೆಂಗಸು ಕಣ್ಣೊರೆಸಿಕೊಂಡಳು. ಇಡೀ ಕೋಣೆ ಎದ್ದು ನಿಂತಿತು. ಅವರು ಹೇಳಿದ್ದನ್ನು ನಂಬಿದವರು ನಾನು, ನಿರುಪಮಾ, ಮತ್ತು ಬಾಗಿಲ ಬಳಿ ಚಪ್ಪಾಳೆ ತಟ್ಟದೆ ನಿಂತಿದ್ದ ಡೆನ್ನಿ.

ಚಪ್ಪಾಳೆ ನಿಂತಿತು. ಎಲ್ಲರೂ ಕೂತರು. ಕೋಚ್ ಮಾತ್ರ ನಿಂತೇ ಇದ್ದರು, ನನ್ನ ಮೇಜಿನ ಕಡೆ ನೋಡುತ್ತ. ಏನೋ ಕಾಯುತ್ತಿರುವವರ ಹಾಗೆ. ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ನನ್ನ ಕೈ ಮೇಲೇಳುವವರೆಗೆ ಅವರು ಕೂರಲಿಲ್ಲ.